ಯಾವ ಲೆಕ್ಕದ ಮುಕ್ಕಾಲು?

ಹೆಪಟೈಟಿಸ್ ಎ ಹಬ್ಬಿದಾಗ ಲಸಿಕೆ ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಗಣಿತದ ಮಾದರಿಗಳಿಂದ ಅಂದಾಜು ಮಾಡುವ ಕೆಲಸ ಅಮೆರಿಕದಲ್ಲಿ ನಡೆದಿದೆ. ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ 2017ರಿಂದ 2019ರವರೆಗೆ ಮನೆಯಿಲ್ಲದವರು ಮತ್ತು ಮಾದಕವಸ್ತು ಬಳಸುವವರ ನಡುವೆ ಹರಡಿದ ಸೋಂಕಿನ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನ ಅಂಥದ್ದು. ಅದರಲ್ಲಿ ಎರಡು ಮಾತುಗಳಿವೆ. ಇಂತಿಷ್ಟು ಪಾಲು ಜನಕ್ಕೆ ಲಸಿಕೆ ತಲುಪಿದರೆ ಸೋಂಕಿನ ಸರಪಳಿ ಕಡಿಯುತ್ತದೆ ಎಂಬುದು ಒಂದು. ಬೇಗ ಆರಂಭಿಸಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು ಎಂಬುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ಗಟ್ಟಿ. ಈ ವೈರಸ್ ಮೈಗೆ ಹೊಕ್ಕು ಕಾಯಿಲೆ ಕಾಣಿಸಿಕೊಳ್ಳಲು ಸರಾಸರಿ 28 ದಿನ ಬೇಕು; ರೋಗಿ ಮಾತ್ರ ಅದಕ್ಕೂ ಸುಮಾರು ಎರಡು ವಾರ ಮೊದಲೇ ಸೋಂಕು ಹರಡುತ್ತಿರುತ್ತಾನೆ. ಹೀಗಾಗಿ ಆರೋಗ್ಯ ಇಲಾಖೆ ಇಂದು ಎಣಿಸುವುದು ಕಳೆದ ತಿಂಗಳ ಸೋಂಕನ್ನು. ಉದಾಹರಣೆಗೆ, ಇದೇ ಕಾಯಿಲೆ ಹಬ್ಬಿದ್ದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ 2016ರ ನವೆಂಬರ್‌ನಿಂದಲೇ ರೋಗಿಗಳಿದ್ದರು. ತುರ್ತುಸ್ಥಿತಿ ಘೋಷಣೆಯಾದದ್ದು 2017ರ ಸೆಪ್ಟೆಂಬರ್ 1ರಂದು. ಕೊನೆಗೆ 592 ಮಂದಿ ಕಾಯಿಲೆ ಬಿದ್ದರು, 20 ಮಂದಿ ಸತ್ತರು.

ಮೊದಲ ಮಾತಿನ ತೊಡಕು ಸೂತ್ರದಲ್ಲಿಲ್ಲ, ಅದಕ್ಕೆ ಉಣಿಸುವ ಜನಸಂಖ್ಯೆಯಲ್ಲಿದೆ. ಒಬ್ಬ ರೋಗಿ ಮೂವರಿಗೆ ಸೋಂಕು ದಾಟಿಸುತ್ತಾನೆ, ಲಸಿಕೆ ನೂರರಲ್ಲಿ 90 ಮಂದಿಯನ್ನು ಕಾಯುತ್ತದೆ ಎಂದುಕೊಂಡರೆ, ಸುಮಾರು 74 ಪ್ರತಿಶತ ಜನಕ್ಕೆ ಲಸಿಕೆ ಬೇಕು. ಆದರೆ ಎಷ್ಟು ಜನರಲ್ಲಿ? ಇಂದು ಶೆಲ್ಟರಿನಲ್ಲಿ, ನಾಳೆ ಸೇತುವೆಯಡಿ, ನಾಡಿದ್ದು ಜೈಲಿನಲ್ಲಿ ಇರುವವರನ್ನು ಯಾವ ಜನಗಣತಿಯೂ ಪೂರ್ತಿ ಹಿಡಿದಿಲ್ಲ. ನಿಜವಾದ ಸಂಖ್ಯೆ ಅಂದಾಜಿನ ಎರಡರಷ್ಟಿದ್ದರೆ, ಕಾಗದದ ಮೇಲಿನ 74 ಬೀದಿಯಲ್ಲಿ 37 ಆಗುತ್ತದೆ. ಅದರ ಮೇಲೆ, ಸುಲಭವಾಗಿ ಸಿಗುವವರಿಗೇ ಲಸಿಕೆ ಮೊದಲು ತಲುಪುತ್ತದೆ. ಸೋಂಕು ಉಳಿಯುವುದು ಸಿಗದವರ ನಡುವೆ. ಎಲ್ಲರೂ ಎಲ್ಲರೊಡನೆ ಸಮನಾಗಿ ಬೆರೆಯುತ್ತಾರೆಂದು ಭಾವಿಸುವ ಸರಳ ಮಾದರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಅಂಕಿಯಿಲ್ಲದೆ ಹಣ ಮಂಜೂರಾಗದು, ಒರಟು ಗುರಿಯಾದರೂ ಇರಲಿ ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ನರ್ಸ್‌ಗಳು, ವ್ಯಾನು, ಲಸಿಕೆ ಎಲ್ಲವೂ ಆ ಅಂಕಿಯ ಬೆನ್ನಿಗೇ ಬರುತ್ತವೆ. ಆದರೆ ಗುರಿ ಮುಟ್ಟಿತೆಂದು ಅದೇ ವ್ಯಾನನ್ನು ವಾಪಸು ಕರೆಸುವುದೂ ಅದೇ ಅಂಕಿ. ಆದ್ದರಿಂದ ಮಾದರಿ ಕಟ್ಟುವವರು ಒಂಟಿ ಶೇಕಡಾವಾರನ್ನು ಕೊಡದೆ, ಕನಿಷ್ಠ ಮತ್ತು ಗರಿಷ್ಠ ಅಂದಾಜುಗಳನ್ನೂ ಅವುಗಳ ಹಿಂದಿರುವ ಜನಸಂಖ್ಯೆಯ ಊಹೆಯನ್ನೂ ಮೊದಲ ಪುಟದಲ್ಲೇ ಕೊಡಲಿ. ಜೈಲು, ಶೆಲ್ಟರು, ತುರ್ತು ಚಿಕಿತ್ಸಾ ಘಟಕಗಳಿಂದ ಬರುವ ಎಣಿಕೆಯಿಂದ ಆ ಊಹೆಯನ್ನು ವಾರವಾರವೂ ತಿದ್ದಲಿ. ಅಲ್ಲಿಯವರೆಗೆ ಅಭಿಯಾನವನ್ನು ಆರಂಭಿಸಲು ಮಾದರಿಯ ಮಾತು ಸಾಕು, ನಿಲ್ಲಿಸಲು ಸಾಲದು.