ಕಲ್ಲು ಕುಟ್ಟಿದವರ ವಂಶಾವಳಿ

ಬೆಂಗಳೂರು ದಂಡಿನ ಚರಿತ್ರೆ ಬರೆಯುವವರಿಗೆ ಲ್ಯಾವೆಲ್ ಸಾಹೇಬನೆಂದರೆ ಬಲು ಅಕ್ಕರೆ. ಐರ್ಲೆಂಡಿನ ಈ ಸಿಪಾಯಿ, ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್, ನ್ಯೂಜಿಲೆಂಡಿನ ಮಾವೋರಿ ಯುದ್ಧ ಮುಗಿಸಿ ಇಲ್ಲಿ ಬಂದು ನೆಲೆಸಿದವನು. 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದತ್ತ ಹೊರಟ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ 1875ರಲ್ಲಿ 20 ವರ್ಷದ ಗುತ್ತಿಗೆ ಪಡೆದ. ಗಣಿ ತೋಡುವಷ್ಟು ಹಣ ಕೈಯಲ್ಲಿರಲಿಲ್ಲ. 1877ರಲ್ಲಿ ಆ ಹಕ್ಕನ್ನು ಬೆರೆಸ್‌ಫೋರ್ಡ್ ಎಂಬ ಸೈನ್ಯಾಧಿಕಾರಿಗೂ ಅವನ ಗೆಳೆಯರಿಗೂ ಬಿಟ್ಟುಕೊಟ್ಟ. ಚಿನ್ನ ಧಾರಾಳವಾಗಿ ಸಿಕ್ಕಿದ್ದು ಆಮೇಲೆ, ಜಾನ್ ಟೇಲರ್ ಕಂಪನಿಯ ಕಾಲಕ್ಕೆ. ಆದರೂ ರಸ್ತೆಗೆ ನಿಂತ ಹೆಸರು ಲ್ಯಾವೆಲ್‌ನದೇ. ಕೆ.ಜಿ.ಎಫ್.ನ ಸಂಸಾರಗಳೆಲ್ಲ ಅವನಿಂದಲೇ ಹುಟ್ಟಿದವೆಂಬಂತೆ ಲೇಖನಗಳು ಶುರುವಾಗುತ್ತವೆ. ನನ್ನ ತಕರಾರು ಇರುವುದು ಇಲ್ಲೇ.

ಲ್ಯಾವೆಲ್‌ಗೆ ಚಿನ್ನದ ಆಸೆ ಹುಟ್ಟಿಸಿದ್ದು ಲೆಫ್ಟಿನೆಂಟ್ ಜಾನ್ ವಾರನ್ ಎಂಬುವನ ಹಳೆಯ ವರದಿ. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದಿದ್ದ ಈ ವಾರನ್, ಚಿನ್ನ ತೋರಿಸಿದವರಿಗೆ ಇನಾಮು ಕೊಡುತ್ತೇನೆಂದು ಸಾರಿದ. ಹಳ್ಳಿಗರು ಗಾಡಿ ತುಂಬ ಮಣ್ಣು ತಂದು ಅವನ ಎದುರಿಗೇ ತೊಳೆದು ಚಿನ್ನದ ಪುಡಿ ತೋರಿಸಿದರು. ಅಂದಮೇಲೆ ಕಂಡುಹಿಡಿದವರು ಯಾರು, ಕೇಳಿ ಬರೆದುಕೊಂಡವರು ಯಾರು?

1918ರಲ್ಲಿ ಫ್ರೆಡ್ ಗುಡ್‌ವಿಲ್ ಎಂಬ ಪಾದ್ರಿ ನಮ್ಮ ಮಿಥಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಕಥೆಯನ್ನೆಲ್ಲ ಸೊಗಸಾಗಿ ಬರೆದರು. ಈಗಿನ ಲೇಖನಗಳ ಬೇರು ಬಹುಮಟ್ಟಿಗೆ ಅಲ್ಲಿಯೇ ಇದೆ. ಮಾರಿಕುಪ್ಪದ ಕಡೆಯ ಹಳೇ ಕುಳಿಗಳ ವಿಷಯವೂ ಅದರಲ್ಲಿ ಬರುತ್ತದೆ. ಗಂಡಸರು ಒಳಗಿಳಿದು ಕಲ್ಲು ಒಡೆದು, ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳಿಸುತ್ತಿದ್ದರು. ಅದನ್ನು ಬಂಡೆಯ ಮೇಲೆ ಹಾಕಿ ಹುಡಿಯಾಗುವ ತನಕ ಕುಟ್ಟುತ್ತಿದ್ದವರು ಹೆಂಗಸರು. ಆ ಹುಡಿಯನ್ನು ಬಾವಿಯ ಬಳಿ ತೊಳೆದು ಚಿನ್ನ ಬೇರ್ಪಡಿಸುತ್ತಿದ್ದರು. ರಾಗಿ ಬೀಸಿದವರಿಗೆ, ಮೆಣಸಿನಕಾಯಿ ಕುಟ್ಟಿದವರಿಗೆ ಆ ರಟ್ಟೆ ನೋವು ಓದುವಾಗಲೇ ತಿಳಿಯುತ್ತದೆ. ಗುಡ್‌ವಿಲ್ ಒಂದೆರಡು ವಾಕ್ಯದಲ್ಲಿ ಅವರನ್ನು ದಾಟಿದರು. ಬರೆದಿಟ್ಟರಲ್ಲ, ಅದಕ್ಕೆ ನಾನು ಋಣಿ. ಅವರಿಂದ ಎರವಲು ಪಡೆದವರು ಎತ್ತಿನ ಗಾಡಿಯನ್ನು ಇಟ್ಟುಕೊಂಡರು, ಬಂಡೆಯನ್ನು ಕೈಬಿಟ್ಟರು.

ಬ್ರಿಜೆಟ್ ವೈಟ್ ಅವರು 2010ರಲ್ಲಿ ಇಂಗ್ಲಿಷಿನಲ್ಲಿ ತಂದ ಕೆ.ಜಿ.ಎಫ್. ನೆನಪುಗಳ ಪುಸ್ತಕವನ್ನು ನಾನು ಪ್ರೀತಿಯಿಂದಲೇ ಓದಿದೆ. ಆಂಗ್ಲೋ ಇಂಡಿಯನ್ ಮನೆಮಗಳು ತಾನು ಕಂಡ ಊರನ್ನು ತಾನು ಕಂಡಂತೆಯೇ ಬರೆದಿದ್ದಾರೆ. ಮನೆತನದ ಕಥೆಗೆ ಅಡುಗೆಮನೆಯೂ ದಾಖಲೆಯೆಂದು ಬಲ್ಲವರು ಅವರು. ಆ ಸಮುದಾಯದ ಅಡುಗೆಯ ಮೇಲೂ ಪುಸ್ತಕಗಳನ್ನು ತಂದಿದ್ದಾರೆ. ಆದರೆ ಬಂಗಲೆಯ ಜಗುಲಿಯಿಂದ ಕೂಲಿ ಲೈನಿನ ಮನೆಯೊಳಗೆ ಎಷ್ಟು ಕಂಡೀತು? ಅದಕ್ಕೆ ಜಾನಕಿ ನಾಯರ್ ಅವರು 1998ರಲ್ಲಿ ಪ್ರಕಟಿಸಿದ, ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಅಧ್ಯಯನವನ್ನೇ ತೆರೆಯಬೇಕು. ಬೆರಳಚ್ಚು ಕೊಡುವುದಿಲ್ಲವೆಂದು 1930ರಲ್ಲಿ ಮುಷ್ಕರ ಹೂಡಿದವರು ಅಲ್ಲಿ ಸಿಗುತ್ತಾರೆ. ಓದಲು ಕೊಂಚ ಬಿರುಸು, ನಿಜ. 2018ರ ಸಿನಿಮಾದ ಮಾತು ಬೇಡ. ಅದರಲ್ಲಿ ನಮ್ಮ ಕೋಲಾರವೇ ಇಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಂದಿನಿಂದ ಆ ಮನೆಗಳ ಮಕ್ಕಳು ಮೊಮ್ಮಕ್ಕಳು ಕತ್ತಲಿರುವಾಗಲೇ ಮಾರಿಕುಪ್ಪದ ರೈಲು ಹತ್ತಿ ಕೆ.ಆರ್. ಪುರದಲ್ಲೋ ದಂಡು ಸ್ಟೇಷನ್ನಿನಲ್ಲೋ ಇಳಿದು ಕೆಲಸಕ್ಕೆ ಓಡುತ್ತಾರೆ. ಕೆಲವರು ಇಲ್ಲಿಯೇ ಮನೆ ಮಾಡಿದ್ದಾರೆ. ಅವರ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಮನೆತನದ ಚರಿತ್ರೆ ಬರೆದು ತನ್ನಿರೆಂದು ಹೇಳಿದ್ದೆ. ಒಬ್ಬ ಹುಡುಗಿ ತಾತನ ಬಗ್ಗೆ ಎರಡು ಪುಟ ಬರೆದಿದ್ದಳು. ಚಾಂಪಿಯನ್ ರೀಫ್, ರಾತ್ರಿ ಪಾಳಿ, ಕಲ್ಲುಧೂಳು ತುಂಬಿ ಹಾಳಾದ ಶ್ವಾಸಕೋಶ, ಎಲ್ಲವೂ ಇತ್ತು. ಅಜ್ಜಿಯ ಹೆಸರಿನ ಮುಂದೆ ‘ಮನೆಕೆಲಸ’ ಎಂದಷ್ಟೇ ಇತ್ತು.

“ಅಜ್ಜಿ ಇದ್ದಾರೇನಮ್ಮ?” ಎಂದೆ.

“ಇದ್ದಾರೆ ಮಿಸ್. ಕೇಳಿದರೆ ರಾತ್ರಿಯೆಲ್ಲ ಹೇಳ್ತಾರೆ.”

ನೋಟ್‌ಬುಕ್ಕನ್ನು ಅಂಕ ಹಾಕದೆ ಹಿಂದಕ್ಕೆ ಕೊಟ್ಟೆ. ಸೋಮವಾರದವರೆಗೆ ಸಮಯ ಕೇಳಿದ್ದಾಳೆ.