ಕೊರಗರ ಚರಿತ್ರೆಯ ಆಕರಗಳು: ದಾಖಲೆ ಯಾರದು, ಓದು ಯಾರದು?

ತುಳುನಾಡಿನ ಸಮುದಾಯಗಳಲ್ಲಿ ಕೊರಗರ ಬಗ್ಗೆ ಬರೆದವರ ಸಂಖ್ಯೆ ಸಣ್ಣದಲ್ಲ. ಕಳೆದ ಒಂದೂವರೆ ಶತಮಾನದಲ್ಲಿ ನ್ಯಾಯಾಧೀಶರು, ಕಂದಾಯ ಅಧಿಕಾರಿಗಳು, ಮಾನವಶಾಸ್ತ್ರಜ್ಞರು, ಭಾಷಾವಿಜ್ಞಾನಿಗಳು, ಕೊನೆಗೆ ಶಾಸನಸಭೆಯೂ ಅವರನ್ನು ಬರಹಕ್ಕೆ ತಂದಿವೆ. ಹಾಗಿದ್ದೂ ಸಂಶೋಧಕರ ವಲಯದಲ್ಲಿ 'ಕೊರಗರ ಚರಿತ್ರೆಗೆ ಆಕರಗಳಿಲ್ಲ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ. ಆಕರಗಳಿವೆ, ಅವು ಯಾರ ಕೈಯಿಂದ, ಯಾರನ್ನು ಓದುಗರೆಂದು ಭಾವಿಸಿ ರೂಪುಗೊಂಡವು, ಇಂದು ಯಾವ ಊರಿನ ಯಾವ ಭಾಷೆಯ ಕಪಾಟಿನಲ್ಲಿವೆ ಎಂಬ ಪ್ರಶ್ನೆಗಳನ್ನು ನಾವು ಸಾಕಷ್ಟು ಕೇಳಿಕೊಂಡಿಲ್ಲ ಎಂಬುದು ಇಲ್ಲಿನ ವಾದ.

ಸಾಮಾನ್ಯವಾಗಿ ಮೊದಲು ಕೈಗೆ ಸಿಗುವುದು ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿ ಅವರ ನೆರವಿನೊಂದಿಗೆ 1909ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳ ಕೃತಿ. ಅದರ ಕೊರಗ ನಮೂದನ್ನು ಗಮನವಿಟ್ಟು ಓದಿದರೆ ಬಹುಭಾಗ ಉದ್ಧರಣೆಗಳ ಜೋಡಣೆಯೆಂಬುದು ತಿಳಿಯುತ್ತದೆ. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶರಾಗಿದ್ದ ಎಂ. ಜೆ. ವಾಲ್‌ಹೌಸ್ ಅವರ ಟಿಪ್ಪಣಿಗಳು, ಉಳ್ಳಾಲ ರಾಘವೇಂದ್ರ ರಾಯರ ಉಪನ್ಯಾಸ ಇವೇ ಅದರ ಆಧಾರಗಳು. ಮುಂದೆ ಬಂದ ಅನೇಕರು ಥರ್ಸ್ಟನ್ನನನ್ನು ಉದ್ಧರಿಸಿದರು. ಅವರನ್ನು ಉದ್ಧರಿಸಿ ಇನ್ನಷ್ಟು ಬರಹಗಳು ಬಂದವು. ಹೀಗೆ ಒಂದೆರಡು ನೋಟಗಳು ಪುಟದಿಂದ ಪುಟಕ್ಕೆ ಸಾಗಿ, ಹಲವು ಸಾಕ್ಷಿಗಳಿರುವ ಭ್ರಮೆಯನ್ನು ಹುಟ್ಟಿಸಿವೆ. ಗ್ರಂಥಸಂಪಾದನೆಯಲ್ಲಿ ಹಸ್ತಪ್ರತಿಗಳ ವಂಶವೃಕ್ಷವನ್ನು ಬಿಡಿಸುವಂತೆ ಈ ಉದ್ಧರಣೆಗಳ ವಂಶವೃಕ್ಷವನ್ನೂ ಬಿಡಿಸಬೇಕಾಗಿದೆ. ಹತ್ತು ಪುಸ್ತಕಗಳು ಹೇಳುವ ಒಂದು ಸಂಗತಿಗೆ ಮೂಲದಲ್ಲಿ ಒಬ್ಬನೇ ಸಾಕ್ಷಿದಾರನಿದ್ದರೆ ಅದು ಒಂದೇ ಸಾಕ್ಷ್ಯ.

ಆ ನಮೂದಿನ ಒಳವಿಭಾಗಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅಂಡೆ ಕೊರಗರು, ವಸ್ತ್ರ ಕೊರಗರು, ಸಪ್ಪು ಕೊರಗರು ಎಂಬ ಮೂರು ಹೆಸರುಗಳು ಅಲ್ಲಿ ಬರುತ್ತವೆ. ದಾರಿಯಲ್ಲಿ ಉಗುಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಕೊಳ್ಳಬೇಕಾದವರು ಮೊದಲಿನವರು. ಹೆಣಕ್ಕೆ ಹೊದಿಸಿದ ಬಟ್ಟೆಯನ್ನು ದಾನವಾಗಿ ಪಡೆದು ಉಡುವವರು ಎರಡನೆಯವರು. ಸೊಪ್ಪನ್ನು ಉಡುವವರು ಮೂರನೆಯವರು. ಗ್ರಂಥವು ಇವನ್ನು ಸಮುದಾಯದ ಒಳಪಂಗಡಗಳೆಂದು ವರ್ಗೀಕರಿಸುತ್ತದೆ. ಆದರೆ ಮೊದಲ ಎರಡು ಹೆಸರುಗಳು ಸೂಚಿಸುವುದು ಇತರರು ಈ ಜನರ ಮೇಲೆ ಹೇರಿದ ಕಟ್ಟಳೆಗಳನ್ನು. ಹೇರಿಕೆಯೊಂದು ವರ್ಗೀಕರಣದ ಭಾಷೆಗೆ ಬಂದೊಡನೆ ಹೇರಿದವರು ವಾಕ್ಯದಿಂದ ಮರೆಯಾಗುತ್ತಾರೆ. ಅಂಡೆ ಕಟ್ಟಿಸಿದವರು ಯಾರೆಂಬುದನ್ನು ಹೇಳದೆ, ಅಂಡೆ ಕಟ್ಟಿಕೊಂಡವರ 'ಪದ್ಧತಿ'ಯನ್ನು ಮಾತ್ರ ಅದು ವರ್ಣಿಸುತ್ತದೆ. ಈ ಮರೆಯಾದ ಕರ್ತೃಪದವನ್ನು ವಾಕ್ಯಕ್ಕೆ ಮರಳಿ ತರುವುದು ಆಕರ ವಿಮರ್ಶೆಯ ಮೊದಲ ಕೆಲಸ.

ಹಬಾಶಿಕನೆಂಬ ಅರಸನ ಐತಿಹ್ಯವೂ ಇದೇ ನಮೂದಿನಲ್ಲಿದೆ. ಹೊರಗಿನಿಂದ ದಂಡೆತ್ತಿ ಬಂದ ಹಬಾಶಿಕನು ತುಳುನಾಡನ್ನು ಗೆದ್ದು ಆಳಿದನೆಂದೂ, ಮುಂದೆ ಸೋತ ಅವನ ಜನರು ಕಾಡಿಗೆ ಓಡಿ, ಬಳಿಕ ದಾಸ್ಯಕ್ಕೆ ಸಿಲುಕಿದರೆಂದೂ ಅದರ ಸಾರ. ಇದರ ಕಾಲನಿರ್ಣಯಕ್ಕೆ ಹೊರಡುವುದು ಫಲ ಕೊಡದ ಶ್ರಮ. ಆದರೆ ಪಠ್ಯವಾಗಿ ಇದಕ್ಕೆ ಎರಡು ಮುಖಗಳಿವೆ. ಮೇಲ್ಜಾತಿಯವರ ಬಾಯಲ್ಲಿ ಇದು ದಾಸ್ಯಕ್ಕೆ ಸಮರ್ಥನೆ: ಸೋತವರು, ಆದ್ದರಿಂದ ಆಳುಗಳು. ಅದೇ ಕಥೆಯನ್ನು ಕೊರಗರ ಕಡೆಯಿಂದ ಕೇಳಿದರೆ ತಮ್ಮ ದಾಸ್ಯ ಹುಟ್ಟಿನಿಂದ ಬಂದುದಲ್ಲ, ಚರಿತ್ರೆಯ ಒಂದು ಘಟ್ಟದಲ್ಲಿ ಒದಗಿದ್ದು ಎಂಬ ನೆನಪು. ಯಾರು ಯಾರಿಗೆ ಹೇಳಿದ್ದೆಂಬುದನ್ನು ದಾಖಲಿಸದ ಸಂಗ್ರಾಹಕರು ಈ ವ್ಯತ್ಯಾಸವನ್ನೇ ಅಳಿಸಿಹಾಕಿದ್ದಾರೆ.

ಈಗ ಬೇರೊಂದು ಬಗೆಯ ಆಕರವನ್ನು ನೋಡೋಣ. ಸಂಶೋಧಕರು ಅಷ್ಟಾಗಿ ಸಾಹಿತ್ಯಪಠ್ಯವೆಂದು ಓದದ ದಾಖಲೆ ಇದು: 2000ದ ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಅಧಿನಿಯಮ. ಅಜಲು ಎಂದರೇನೆಂದು ಈ ಕಾನೂನು ವ್ಯಾಖ್ಯಾನಿಸಬೇಕಾಯಿತು. ಕೊರಗರನ್ನು ಕೀಳೆಂದು ಭೇದವೆಣಿಸಿ ಬಳಸಿಕೊಳ್ಳುವುದು, ಕೂದಲು ಉಗುರು ಮುಂತಾದವನ್ನು ಬೆರೆಸಿದ ಆಹಾರವನ್ನು ತಿನ್ನಿಸುವುದು, ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸುವುದು ಇವೆಲ್ಲ ಅಲ್ಲಿ ಹೆಸರು ಹಿಡಿದು ನಮೂದಾಗಿವೆ. 'ಪದ್ಧತಿ', 'ನಂಬಿಕೆ', 'ಆಚರಣೆ' ಎಂದು ಜನಾಂಗ ವರ್ಣನೆಗಳು ತೇಲಿಸಿ ಹೇಳಿದ್ದನ್ನು ಅಪರಾಧದ ಭಾಷೆಯಲ್ಲಿ ಹೇಳುವಾಗ, ಮಾಡಿದವನೊಬ್ಬ ವಾಕ್ಯದಲ್ಲಿ ಇರಲೇಬೇಕಾಗುತ್ತದೆ. ಆ ಅರ್ಥದಲ್ಲಿ ಈ ಒಣ ಶಾಸನವು ಥರ್ಸ್ಟನ್ನನ ಪುಟಗಳಿಗಿಂತ ನಿಖರವಾದ ಚರಿತ್ರೆ. ಆದರೆ ಇದು ಕರ್ನಾಟಕದ ಕಾನೂನು. ತಲಪಾಡಿಯ ಗಡಿ ದಾಟಿದರೆ ಇದಕ್ಕೆ ಅಧಿಕಾರವಿಲ್ಲ. ಒಂದೇ ಸಮುದಾಯದ ಒಂದು ಭಾಗದ ಅನುಭವಕ್ಕೆ ಶಾಸನದ ಭಾಷೆ ದೊರೆತಿದೆ, ಇನ್ನೊಂದಕ್ಕೆ ಆ ಭಾಷೆ ದೊರೆತಿಲ್ಲ.

ಲಿಖಿತ ಆಕರಗಳ ಮಿತಿಯನ್ನು ಮನಗಂಡವರು ಪಾಡ್ದನಗಳತ್ತ ತಿರುಗುವುದು ಸಹಜ. ಬಾಸೆಲ್ ಮಿಷನ್ನಿನ ಎ. ಮೆನ್ನರ್ 1886ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಪಾಡ್ದನ ಸಂಕಲನ, ಎ. ಸಿ. ಬರ್ನೆಲ್ ಸಂಗ್ರಹಿಸಿ ಅವರ ಮರಣಾನಂತರ 1894ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚಾದ ಭೂತಾರಾಧನೆಯ ಪಠ್ಯಗಳು, ಬಿ. ಎ. ವಿವೇಕ ರೈ ಅವರ 'ತುಳು ಜನಪದ ಸಾಹಿತ್ಯ' (1985), ಉಡುಪಿಯ ಪ್ರಾದೇಶಿಕ ರಂಗಕಲೆಗಳ ಅಧ್ಯಯನ ಕೇಂದ್ರದ ಧ್ವನಿಮುದ್ರಣಗಳು ಈ ದಾರಿಯ ಮುಖ್ಯ ನಿಲ್ದಾಣಗಳು. ಕೊರಗತನಿಯನ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಅನಾಥನಾದ ಕೊರಗ ಹುಡುಗ ಮೈರಕ್ಕೆ ಬೈದೆದಿಯ ಆಶ್ರಯದಲ್ಲಿ ಬೆಳೆದು, ಒಳಗೆ ಪ್ರವೇಶವಿಲ್ಲದ ದೇವಾಲಯದ ಆವರಣದಲ್ಲಿ ಹಣ್ಣಿಗೆ ಕೈಚಾಚಿ ಮಾಯವಾಗಿ ದೈವವಾದವನು ಅವನು. ಆದರೆ ಇಂದು ಕೊರಗಜ್ಜನಿಗೆ ಹರಕೆ ಹೊರುವವರಲ್ಲಿ ಹೆಚ್ಚಿನವರು ಕೊರಗರಲ್ಲ. ಕೋಲ ಕಟ್ಟುವವರೂ ಸಾಮಾನ್ಯವಾಗಿ ಕೊರಗರಲ್ಲ. ಹೀಗಾಗಿ ಪಾಡ್ದನವನ್ನು ಕೊರಗರ ಸ್ವಂತ ದನಿಯೆಂದು ನೇರವಾಗಿ ಒಪ್ಪಿಕೊಳ್ಳುವಂತಿಲ್ಲ. ಜೀವಂತ ಕೊರಗನನ್ನು ಹೊರಗಿಟ್ಟ ಸಮಾಜ ಸತ್ತ ಕೊರಗನಿಗೆ ಕೈಮುಗಿದ ಕಥೆಯೂ ಅದರೊಳಗಿದೆ. ಮೌಖಿಕವಾದುದೆಲ್ಲ ತಾನಾಗಿ ಅಧಿಕೃತವೆಂಬ ನಮ್ಮ ಜಾನಪದ ಅಧ್ಯಯನದ ರೂಢಿಯ ನಂಬಿಕೆ ಇಲ್ಲಿ ತಡವರಿಸುತ್ತದೆ.

ಹಾಗಾದರೆ ಸಮುದಾಯಕ್ಕೆ ತೀರ ಹತ್ತಿರದ ಆಕರ ಯಾವುದು? ಅವರ ಭಾಷೆ ಎಂಬುದು ನನ್ನ ಉತ್ತರ. ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದ ಕೊರಗ ಭಾಷೆಯ ವಿವರಣೆಯು, ತುಳುವಿನ ಒಂದು ಕೀಳು ಬಗೆಯೆಂದು ಉಪೇಕ್ಷಿತವಾಗಿದ್ದ ನುಡಿಗೆ ತನ್ನದೇ ವ್ಯಾಕರಣವಿದೆಯೆಂಬುದನ್ನು ತೋರಿಸಿತು. ಹೊರಗಿನವರೊಡನೆ ತುಳು, ತಮ್ಮೊಳಗೆ ಕೊರಗ ಎಂಬ ದ್ವಿಭಾಷಿಕತೆಯೇ ಚರಿತ್ರೆಯ ಒಂದು ದಾಖಲೆ: ಒಡೆಯನ ಕಿವಿಗೆ ಬೀಳದ ಮಾತಿನ ಜಾಗವೊಂದನ್ನು ಈ ಜನ ಉಳಿಸಿಕೊಂಡಿದ್ದರು. ಭಟ್ಟರು ಗುರುತಿಸಿದ ಉಪಭಾಷೆಗಳ ಹೆಸರು ಒಂಟಿ, ತಪ್ಪು, ಮುದು. ತುಳುವಿನಲ್ಲಿ ತಪ್ಪು, ಸಪ್ಪು ಎರಡೂ ಸೊಪ್ಪಿಗಿರುವ ಹೆಸರುಗಳು. ಥರ್ಸ್ಟನ್ನನಲ್ಲಿ ಉಡುಪಿನ ವಿಚಿತ್ರವಾಗಿದ್ದ ಹೆಸರು ಇಲ್ಲಿ ಒಂದು ನುಡಿಯ ಹೆಸರಾಗುತ್ತದೆ. ಎರಡು ಆಕರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗಲೇ ಈ ಸ್ಥಾನಾಂತರ ಕಾಣುವುದು.

ಇನ್ನು ಈ ಆಕರಗಳ ಭೂಗೋಳ. ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಮದರಾಸು ಆಡಳಿತದ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು, 1984ರಲ್ಲಿ ಜಿಲ್ಲೆಯಾಯಿತು. ಅದಕ್ಕೆ ಹಿಂದಿನ ಆಡಳಿತದ ಕಡತಗಳನ್ನು ಹುಡುಕುವವರು ಚೆನ್ನೈಗೂ ಮಂಗಳೂರಿಗೂ, ಮಿಷನ್ ದಾಖಲೆಗಳಿಗಾಗಿ ಬಲ್ಮಠಕ್ಕೂ ಸ್ವಿಟ್ಜರ್‌ಲೆಂಡಿನ ಬಾಸೆಲಿಗೂ, ಬುಡಕಟ್ಟು ಅಧ್ಯಯನಗಳಿಗಾಗಿ ಕೋಝಿಕ್ಕೋಡಿನ ಕಿರ್ತಾಡ್ಸಿಗೂ ಮೈಸೂರಿನ ಬುಡಕಟ್ಟು ಸಂಶೋಧನಾ ಸಂಸ್ಥೆಗೂ ಹೋಗಬೇಕು. ಭಾಷೆಗಳೂ ಅಷ್ಟೇ: ಇಂಗ್ಲಿಷ್, ಜರ್ಮನ್, ಕನ್ನಡ, ಮಲಯಾಳ, ತುಳು. 2011ರ ಜನಗಣತಿಯಂತೆ ಕೊರಗರು ಕರ್ನಾಟಕದಲ್ಲಿ 14,794, ಕೇರಳದಲ್ಲಿ 1,582. ಎರಡೂ ರಾಜ್ಯಗಳಲ್ಲಿ ಅವರು ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಗುಂಪಿನ ಪಟ್ಟಿಯಲ್ಲಿದ್ದಾರೆ. ಹದಿನಾರು ಸಾವಿರ ಚಿಲ್ಲರೆ ಜನರ ಚರಿತ್ರೆ ಎರಡು ಖಂಡಗಳಲ್ಲಿ, ಐದು ಭಾಷೆಗಳಲ್ಲಿ ಹಂಚಿಹೋಗಿದೆ. ಅದರಲ್ಲಿ ಅವರದೇ ಭಾಷೆಯಲ್ಲಿರುವ ಭಾಗ ಅತ್ಯಲ್ಪ.

ಇಂಥ ಚದುರಿಕೆ ನಮ್ಮಲ್ಲಿ ಮಾತ್ರ ಕಾಣುವಂಥದ್ದಲ್ಲ. ಅಮೆರಿಕದ ಕೊಲೊರಾಡೊ, ಯೂಟಾ ಸೀಮೆಗಳ ಯೂಟ್ ಜನರನ್ನು ನೋಡಬಹುದು. 1881ರಲ್ಲಿ ಕೊಲೊರಾಡೊದ ಬಹುಭಾಗದಿಂದ ಹೊರದೂಡಲ್ಪಟ್ಟ ಅವರು ಇಂದು ಮೂರು ಪ್ರತ್ಯೇಕ ಆಡಳಿತಗಳಲ್ಲಿದ್ದಾರೆ. ಅವರನ್ನು ಕುರಿತ ಕಡತಗಳು ಸರಕಾರಿ ಪತ್ರಾಗಾರಗಳಲ್ಲಿವೆ. 1960ರ ದಶಕದ ಉತ್ತರಾರ್ಧದಲ್ಲಿ ಡೋರಿಸ್ ಡ್ಯೂಕ್ ಅವರ ಧನಸಹಾಯದಿಂದ ಯೂಟಾ ವಿಶ್ವವಿದ್ಯಾಲಯವು ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿತು. ಆ ಬಗೆಯ ಸಂಗ್ರಹಗಳ ಪ್ರತಿಗಳನ್ನು ಮೂಲ ಸಮುದಾಯಗಳಿಗೆ ಮರಳಿಸುವ ವ್ಯವಸ್ಥಿತ ಯತ್ನ ಆರಂಭವಾದುದು ಅರ್ಧ ಶತಮಾನದ ಬಳಿಕ. ಮೂಲನಿವಾಸಿಗಳ ದಾಖಲೆಗಳನ್ನು ಸಮುದಾಯದ ಸಮ್ಮತಿಯೊಡನೆ ನಿರ್ವಹಿಸಬೇಕೆಂಬ, 2006ರಲ್ಲಿ ರೂಪುಗೊಂಡ ನಿಯಮಾವಳಿಯನ್ನು ಅಲ್ಲಿನ ಪತ್ರಾಗಾರಿಗಳ ಸಂಘ ಅನುಮೋದಿಸಿದ್ದು 2018ರಲ್ಲಿ. ಅಲ್ಲಿನ ನಡೆಯೂ ನಿಧಾನವೇ. ಆದರೆ ಸಂಗ್ರಹಿಸಿದವನು ಮರಳಿಸಲು ಬಾಧ್ಯನೆಂಬ ತತ್ತ್ವ ಒಪ್ಪಿತವಾಗಿದೆ. ನಮ್ಮಲ್ಲಿ ಈ ಚರ್ಚೆ ಇನ್ನೂ ಸರಿಯಾಗಿ ಆರಂಭವಾಗಿಲ್ಲ.

ಕಾಸರಗೋಡಿನಲ್ಲಿ ಇದನ್ನು ಆರಂಭಿಸುವಾಗ ನಾವು ಒಂದು ಇಕ್ಕಟ್ಟನ್ನು ಎದುರಿಸಬೇಕಾಗುತ್ತದೆ. ಫಜಲ್ ಅಲಿ ಆಯೋಗದಿಂದ ಮಹಾಜನ್ ಆಯೋಗದ 1967ರ ವರದಿಯವರೆಗೆ ಇಲ್ಲಿನ ಗಡಿವಿವಾದ ಕನ್ನಡ, ಮಲಯಾಳಗಳ ನಡುವಿನ ವಿವಾದವಾಗಿಯೇ ನಡೆಯಿತು. ನಾವು, ಕನ್ನಡಿಗರು, ಭಾಷಾ ಅಲ್ಪಸಂಖ್ಯಾತರಾಗಿ ಕಚೇರಿಯ ಕಾಗದ ನಮ್ಮ ಭಾಷೆಯಲ್ಲಿರಲಿ ಎಂದು ಕೇಳುತ್ತ ಬಂದಿದ್ದೇವೆ. ಈ ಬೇಡಿಕೆ ನ್ಯಾಯವಾದದ್ದು. ಆದರೆ ಕೊರಗರ ಪಾಲಿಗೆ ಕನ್ನಡವೂ ಶಾಲೆಯ, ಕಚೇರಿಯ, ಒಡೆಯರ ಭಾಷೆಯಾಗಿತ್ತು. ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರ ಮುಂದೆ ನಾವು ಬಹುಸಂಖ್ಯಾತರು. ಮಲಯಾಳದ ಕಚೇರಿಯೆದುರು ನಾವು ಎತ್ತುವ ಪ್ರಶ್ನೆಯನ್ನೇ ನಮ್ಮ ಗ್ರಂಥಾಲಯದೆದುರು ಕೊರಗ ವಿದ್ಯಾರ್ಥಿಯೊಬ್ಬಳು ಎತ್ತಿದರೆ ನಮ್ಮ ಬಳಿ ಉತ್ತರವಿರಬೇಕು.

ಆ ಉತ್ತರವನ್ನು ಕೆಲಸದ ಮೂಲಕವೇ ಕೊಡಬೇಕು. ಚದುರಿದ ಆಕರಗಳ ವಿವರಣಾತ್ಮಕ ಸೂಚಿಯೊಂದು ಕನ್ನಡ ಮತ್ತು ಮಲಯಾಳಗಳಲ್ಲಿ ಸಿದ್ಧವಾಗಬೇಕು. ಪ್ರತಿ ನಮೂದಿನಲ್ಲೂ ಬರೆದವರಾರು, ಮಾಹಿತಿ ನೀಡಿದವರಾರು, ಮೂಲದಲ್ಲಿ ಯಾರ ಉದ್ಧರಣೆ ಎಂಬುದಿರಬೇಕು. ಧ್ವನಿಮುದ್ರಣಗಳ ಪ್ರತಿಗಳು ಮಂಜೇಶ್ವರ, ಬದಿಯಡ್ಕ ಪರಿಸರದ ಕೊರಗ ವಸತಿಗಳಿಗೆ ತಲುಪಬೇಕು. ಯಾವುದನ್ನು ಸಾರ್ವಜನಿಕಗೊಳಿಸಬೇಕು, ಯಾವುದನ್ನು ತಮ್ಮೊಳಗೇ ಇಟ್ಟುಕೊಳ್ಳಬೇಕು ಎಂಬ ತೀರ್ಮಾನ ಅವರದಾಗಬೇಕು. ತಮ್ಮವರಿಗೆ ಮಾತ್ರ ಕೇಳಲೆಂದು ಒಂದು ಭಾಷೆಯನ್ನೇ ಕಾದುಕೊಂಡ ಸಮುದಾಯಕ್ಕೆ ಈ ಹಕ್ಕನ್ನು ನಾವು ಹೊಸದಾಗಿ ಕೊಡಬೇಕಾಗಿಲ್ಲ. ಅವರು ಮೊದಲಿನಿಂದಲೂ ಚಲಾಯಿಸುತ್ತ ಬಂದಿರುವ ಅದನ್ನು ನಮ್ಮ ಸಂಶೋಧನೆ ಮಾನ್ಯಮಾಡಬೇಕಾಗಿದೆ.