ಪುರುಡು, ಸೂತಕಗಳ ಪಟ್ಟಿ

ನ್ಯೂಯಾರ್ಕ್ ನಗರದ ಉತ್ತರ ಮಗ್ಗುಲಿಗೆ ಅಂಟಿಕೊಂಡ ಉಪನಗರ ಪ್ರದೇಶ ವೆಸ್ಟ್‌ಚೆಸ್ಟರ್ ಕೌಂಟಿ. ಅಲ್ಲಿ ಹುಟ್ಟಿದ ಇಲ್ಲವೇ ಅಲ್ಲಿ ತೀರಿಕೊಂಡ ಗಣ್ಯರನ್ನು ಪಟ್ಟಿಮಾಡಲು ಕೂತರೆ ಹೆಸರುಗಳಿಗೆ ಬರವಿಲ್ಲ. ಮೌಂಟ್ ವರ್ನನ್‌ನಲ್ಲಿ 1899ರಲ್ಲಿ ಲೇಖಕ ಇ. ಬಿ. ವೈಟ್, 1954ರಲ್ಲಿ ನಟ ಡೆನ್ಜೆಲ್ ವಾಷಿಂಗ್ಟನ್ ಹುಟ್ಟಿದರು. ವೈಟ್ ಪ್ಲೇನ್ಸ್‌ನಲ್ಲಿ 1984ರಲ್ಲಿ ಮಾರ್ಕ್ ಜುಕರ್‌ಬರ್ಗ್. ಜುಕರ್‌ಬರ್ಗ್ ಬೆಳೆದದ್ದು ಡಾಬ್ಸ್ ಫೆರಿಯಲ್ಲಿ. ಪಟ್ಟಿಗೆ ಅದು ಬೇಡ. ಹೆರಿಗೆ ಎಲ್ಲಾಯಿತು, ಹೆಣ ಎಲ್ಲಿಂದ ಎತ್ತಿದರು, ಇಷ್ಟೇ ಅದರ ವಿಚಾರಣೆ.

ಪುರುಡು, ಸೂತಕಗಳ ಲೆಕ್ಕ ಇಡುವ ಪುರೋಹಿತರಿಗೆ ಈ ಕ್ರಮ ಒಗ್ಗೀತು. ಊರಿಗೂ ಮನುಷ್ಯನಿಗೂ ಇರುವ ನಂಟನ್ನು ಅಳೆಯಲು ಇದು ಮಹಾ ಒರಟು ಅಳತೆಗೋಲು. ಅದರಲ್ಲೂ ಉಪನಗರದಲ್ಲಿ. ಬೆಳಗ್ಗೆ ರೈಲು ಹತ್ತಿ ಮ್ಯಾನ್‌ಹಟ್ಟನ್‌ಗೆ ದುಡಿಯಲು ಹೋಗಿ ರಾತ್ರಿ ಮಲಗಲು ಬರುವವರ ಊರದು.

ಥಾಮಸ್ ಪೇನ್‌ನನ್ನೇ ನೋಡಿ. ಅಮೆರಿಕದ ಸ್ವಾತಂತ್ರ್ಯಕ್ಕೆ ಲೇಖನಿ ಹಿಡಿದು ದುಡಿದವನೆಂದು 1784ರಲ್ಲಿ ನ್ಯೂಯಾರ್ಕ್ ರಾಜ್ಯ ಅವನಿಗೆ ಈ ಕೌಂಟಿಯ ನ್ಯೂ ರಷೆಲ್‌ನಲ್ಲಿ ಜಮೀನು ಕೊಟ್ಟಿತು. 1809ರಲ್ಲಿ ಸತ್ತದ್ದು ನಗರದಲ್ಲಿ, ಹೂತದ್ದು ಈ ಜಮೀನಿನಲ್ಲಿ. ಹತ್ತು ವರ್ಷದ ಮೇಲೆ ವಿಲಿಯಂ ಕಾಬೆಟ್ ಎಂಬ ಪತ್ರಕರ್ತ ಎಲುಬುಗಳನ್ನು ಅಗೆದು ಇಂಗ್ಲೆಂಡಿಗೆ ಹೊತ್ತೊಯ್ದ. ಅಲ್ಲಿ ಅವು ಕಳೆದೇ ಹೋದವು. ಇಷ್ಟೆಲ್ಲ ಆದರೂ ಪೇನ್‌ಗೆ ಪಟ್ಟಿಯಲ್ಲಿ ಜಾಗವಿಲ್ಲ.

ಬಾಣಂತನಕ್ಕೆ ತವರಿಗೆ ಹೋಗುವ ನಮ್ಮವರಿಗಂತೂ ಇದರ ತಮಾಷೆ ಬೇಗ ತಿಳಿಯುತ್ತದೆ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, ತೀರಿಕೊಂಡದ್ದು ಮೈಸೂರಿನಲ್ಲಿ. ಈ ಲೆಕ್ಕದಲ್ಲಿ ಅವರು ಬೆಳೆದ ಕುಪ್ಪಳಿ ಇರುವ ಶಿವಮೊಗ್ಗ ಜಿಲ್ಲೆಗೆ ಬರಿಗೈ!

ಹಾಗೆಂದು ಪಟ್ಟಿಯನ್ನು ಹರಿದೆಸೆಯಲು ನನಗೆ ಮನಸ್ಸಿಲ್ಲ. ಕಾರಣ ಮೇಡಂ ಸಿ. ಜೆ. ವಾಕರ್. ಗುಲಾಮರಾಗಿದ್ದ ತಂದೆತಾಯಿಗೆ, ಗುಲಾಮಗಿರಿ ಹೋದ ಮೇಲೆ 1867ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿದವಳು. ಸೇಂಟ್ ಲೂಯಿಸ್‌ನಲ್ಲಿ ಕಂಡವರ ಬಟ್ಟೆ ಒಗೆದು ಮಗಳನ್ನು ಸಾಕಿದಳು. ಕಪ್ಪು ಹೆಂಗಸರ ಕೂದಲಿಗೆ ಹಚ್ಚುವ ಮುಲಾಮು ಮಾರಿ, ತನ್ನಂಥ ಹೆಂಗಸರನ್ನೇ ಮಾರಾಟಕ್ಕೆ ಪಳಗಿಸಿ, ದೊಡ್ಡ ಉದ್ಯಮ ಕಟ್ಟಿದಳು. ಕೊನೆಗೆ ವೆಸ್ಟ್‌ಚೆಸ್ಟರ್‌ನ ಅರ್ವಿಂಗ್‌ಟನ್‌ನಲ್ಲಿ, ಬಿಳಿಯ ಸಿರಿವಂತರ ಬಂಗಲೆಗಳ ಸಾಲಿನಲ್ಲೇ, ವರ್ಟ್ನರ್ ಟ್ಯಾಂಡಿ ಎಂಬ ಕಪ್ಪು ವಾಸ್ತುಶಿಲ್ಪಿಯಿಂದ ‘ವಿಲಾ ಲೆವಾರೊ’ ಕಟ್ಟಿಸಿಕೊಂಡಳು. ಅದರಲ್ಲಿ ಬಾಳಿದ್ದು ವರ್ಷದಷ್ಟು ಕಾಲ. 1919ರ ಮೇ 25ರಂದು ಅಲ್ಲೇ ಕಣ್ಣುಮುಚ್ಚಿದಳು.

ಅಲ್ಲಿಂದ ಉತ್ತರಕ್ಕೆ ಕೆಲವೇ ಮೈಲಿ ದೂರದ ಪೊಕಾಂಟಿಕೊ ಬೆಟ್ಟದಲ್ಲಿ ಜಾನ್ ಡಿ. ರಾಕ್‌ಫೆಲರ್‌ನ ಭಾರೀ ಎಸ್ಟೇಟ್ ಇತ್ತು. ಆತ 1937ರಲ್ಲಿ ಫ್ಲಾರಿಡಾದಲ್ಲಿ ಸತ್ತ. ಹುಟ್ಟಿದ್ದೂ ಬೇರೆ ಕೌಂಟಿಯಲ್ಲಿ. ಹೀಗಾಗಿ ಅಗಸಗಿತ್ತಿ ಪಟ್ಟಿಯಲ್ಲಿದ್ದಾಳೆ, ಎಣ್ಣೆದೊರೆ ಹೊರಗಿದ್ದಾನೆ.